ಮೌದಾದ ಗೋಡೆಯ ಹಾಳೆ

ಮೌದಾದಲ್ಲಿ ನಾನಿದ್ದ ಬಾಡಿಗೆ ಕೋಣೆಯ ಗೋಡೆಗೆ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಅಂಟಿಸಿದ್ದೆ. ಗೇಟ್ ಪರೀಕ್ಷೆಯನ್ನು ಹೇಗೆ ಬರೆಯಬೇಕು ಅನ್ನುವುದು ಅದರಲ್ಲಿ ಕೆಂಪು ಸ್ಕೆಚ್ ಪೆನ್ನಿನ ನಾಲ್ಕು ಸಾಲುಗಳಲ್ಲಿತ್ತು. ಹಲ್ಲುಜ್ಜುವಾಗ, ಅನ್ನಕ್ಕಿಡುವಾಗ ಕಣ್ಣಿಗೆ ಬೀಳುತ್ತಿರಲಿ ಅಂತ.

2014ರ ಮಾತು. ನಾಗಪುರದಿಂದ ಭಂಡಾರಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಕನ್ಹಾನ್ ನದಿ ದಂಡೆಯ ಊರು ಮೌದಾ. ಎನ್‌ಟಿಪಿಸಿ ಸ್ಥಾವರದಲ್ಲಿ 500 ಮೆಗಾವಾಟಿನ ಎರಡು ಘಟಕಗಳು ಓಡುತ್ತಿದ್ದವು, 660ರ ಇನ್ನೆರಡು ಏಳುತ್ತಿದ್ದವು. ಒಂದು ಗುತ್ತಿಗೆ ಕಂಪನಿಯ ಸೈಟ್ ಆಫೀಸಿನಲ್ಲಿ ಕಂಪ್ಯೂಟರ್, ಪ್ರಿಂಟರ್, ಕೇಬಲ್ ನೋಡಿಕೊಳ್ಳುವುದು ನನ್ನ ಕೆಲಸ. ಕನ್ನಡ ಕೇಳಬೇಕೆಂದರೆ ರಾತ್ರಿ ಅಮ್ಮನಿಗೆ ಫೋನ್ ಮಾಡಬೇಕು. ಎಂ.ಟೆಕ್ ಸಿಕ್ಕರೆ ಅಲ್ಲಿಂದ ಹೊರಗೆ, ಇಲ್ಲದಿದ್ದರೆ ಮುಂದಿನ ಸೈಟು. ಹಿಂದೊಮ್ಮೆ ಬರೆದು ಕೆಡಿಸಿಕೊಂಡಿದ್ದೆ. 'ಇದೊಂದು ಸಲ ನೋಡು, ಆಮೇಲೆ ತಂಗಿ ಮದುವೆ ಯೋಚಿಸೋಣ' ಅಂದಿದ್ದರು ಅಪ್ಪ.

2015ರ ಫೆಬ್ರವರಿ. ಬೆಳಗಿನ ಕೆಂಪು ಬಸ್ಸು ಹತ್ತಿ ನಾಗಪುರಕ್ಕೆ ಹೋದೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅದರ ಮೂರನೇ ಒಂದು ಭಾಗ ಕಡಿತ. ಆ ವರ್ಷದಿಂದ ನಮ್ಮ ಕ್ಯಾಲ್ಕುಲೇಟರ್ ಒಯ್ಯುವಂತಿರಲಿಲ್ಲ, ಪರದೆಯ ಮೇಲಿನದನ್ನೇ ಮೌಸಿನಿಂದ ಒತ್ತಬೇಕು. ನಾನು ಎಂಟು ತಿಂಗಳು ಕ್ಯಾಸಿಯೋದಲ್ಲೇ ಅಭ್ಯಾಸ ಮಾಡಿದ್ದೆ, ದಡ್ಡತನ.

ಮ್ಯಾಟ್ರಿಕ್ಸಿನ ಒಂದು ಲೆಕ್ಕಕ್ಕೆ ಸಿಕ್ಕಿಬಿದ್ದೆ. ಮೂರು ಸಲ ಮಾಡಿದರೆ ಮೂರು ಉತ್ತರ. ಗಡಿಯಾರ ನೋಡಿದರೆ ಹನ್ನೊಂದು ನಿಮಿಷ ಹೋಗಿದೆ. ಹಾಳೆ ನೆನಪಿಸಿಕೊಂಡೆ. ಬಂತು! ಯಾವ ಮೂಲೆಯ ಗಮ್‌ಟೇಪ್ ಎದ್ದಿತ್ತು, ಎಲ್ಲಿ ಸಾಂಬಾರಿನ ಕಲೆ ಬಿದ್ದಿತ್ತು, ಎಲ್ಲವೂ ಕಂಡವು. ಅಕ್ಷರ ಮಾತ್ರ ಇಲ್ಲ. ಎಂಟು ತಿಂಗಳು ದಿನಾ ನೋಡಿದ್ದೆ, ಒಂದು ದಿನವೂ ನೋಡದೆ ಹೇಳಿಕೊಂಡಿರಲಿಲ್ಲ.

ಅಂಗೈ ಬೆವೆತಿತ್ತು. ಕೈ ಒರೆಸಿಕೊಂಡು ಮೇಜಿನ ಮೇಲಿಟ್ಟೆ. ಬೆರಳು ತಾನಾಗಿ ಕುಟ್ಟತೊಡಗಿತು: ಯಮಾತಾರಾಜಭಾನಸಲಗಂ. ಹೈಸ್ಕೂಲಿನ ಕನ್ನಡ ಮೇಷ್ಟ್ರು ಡಸ್ಟರಿನಿಂದ ಮೇಜು ಕುಟ್ಟುತ್ತಾ ಗಣ ಹೇಳಿಸಿದ ರೀತಿಯಲ್ಲೇ. ಬೋರ್ಡ್ ಒರೆಸಿ, ಒಬ್ಬೊಬ್ಬರನ್ನೇ ಎಬ್ಬಿಸಿ, 'ಜಗಣ ಯಾವುದು? ಹೇಳು' ಅನ್ನುತ್ತಿದ್ದರು. ಜ, ಭಾ, ನ: ಲಘು, ಗುರು, ಲಘು. ಹದಿಮೂರು ವರ್ಷದ ಮೇಲೂ ಒಂದಕ್ಷರ ಜಾರಿರಲಿಲ್ಲ. ಎರಡು ಸುತ್ತು ಕುಟ್ಟುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ಪಕ್ಕದ ಹುಡುಗ ದುರುಗುಟ್ಟಿ ನೋಡಿದ.

ಆಗ ಹಾಳೆಯ ಮೊದಲ ಸಾಲು ಬಂತು: 'ಎರಡು ನಿಮಿಷ ಮೀರಿದರೆ ಬಿಡು.' ಬಿಟ್ಟೆ. ಉಳಿದ ಸಾಲುಗಳು ಬರಲೇ ಇಲ್ಲ, ಬೇಕಾಗಲೂ ಇಲ್ಲ. ಗೊತ್ತಿದ್ದದ್ದನ್ನು ಮೊದಲು ಮುಗಿಸಿ, ಕೊನೆಗೆ ತಿರುಗಿ ಬಂದರೆ ಆ ಲೆಕ್ಕ ನಾಲ್ಕು ಸಾಲಿನದು. ಮೊದಲ ಸಾಲಿನಲ್ಲೇ ಮೈನಸ್ ಬಿಟ್ಟಿದ್ದೆ.

ಎಂ.ಟೆಕ್‌ನಲ್ಲಿ ಓದುವಾಗ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರ 2006ರ ಪ್ರಯೋಗದ ಬಗ್ಗೆ ತಿಳಿಯಿತು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಒಂದು ವಾರದ ನಂತರ ಮುಂದಿದ್ದರು. ಮೇಷ್ಟ್ರಿಗೆ ಇದು ಹೇಗೆ ಗೊತ್ತಿತ್ತೋ! ಇನ್ನೊಂದು ತಮಾಷೆ: ಲಘುವಿಗೆ 0, ಗುರುವಿಗೆ 1 ಇಟ್ಟರೆ ಅವರ ಸೂತ್ರ 0111010001 ಆಗುತ್ತದೆ. ಒಂದೊಂದೇ ಅಂಕಿ ಸರಿಯುತ್ತಾ ಮೂರು ಮೂರರಂತೆ ತೆಗೆಯಿರಿ, ಎಂಟೂ ಜೋಡಣೆಗಳು ಒಂದೊಂದೇ ಸಲ ಬರುತ್ತವೆ. ಕಂಪ್ಯೂಟರಿನವರು ಇಂಥದ್ದಕ್ಕೆ ಡಿ ಬ್ರೂಯ್ನ್ ಸರಣಿ ಅನ್ನುತ್ತಾರೆ.

ಅಂಕ ಹೇಳುವಂಥದ್ದೇನಲ್ಲ, ಸೀಟು ಸಿಕ್ಕಿತು ಅಷ್ಟೇ. ಜುಲೈನಲ್ಲಿ ಕೋಣೆ ಖಾಲಿ ಮಾಡುವಾಗ ಹಾಳೆ ಕಿತ್ತೆ. ಜೊತೆಗೆ ಅಂಗೈಯಗಲ ಸುಣ್ಣವೂ ಕಿತ್ತು ಬಂತು. ಮನೆ ಮಾಲೀಕರು ಅಡ್ವಾನ್ಸಿನಲ್ಲಿ ಇನ್ನೂರು ರೂಪಾಯಿ ಹಿಡಿದುಕೊಂಡರು.