ಮಕ್ಕಳನ್ನ ಕರ್ಕೊಂಡು ವಿಮಾನ ಹತ್ತೋದು ದುಂದೇ?



ಅವ್ವನನ್ನೂ ಇಬ್ಬರು ಮಕ್ಕಳನ್ನೂ ವಿಮಾನದಲ್ಲಿ ನಾಗಪುರಕ್ಕೆ ಕರ್ಕೊಂಡು ಹೋಗಿ ಬಂದೆ ಅಂತ ಗೊತ್ತಾದ ಮೇಲೆ ಸಂಘಟನೆಯ ಹಿರಿಯರೊಬ್ಬರು ಫೋನ್ ಮಾಡಿದ್ರು. "ಏನಮ್ಮ, ಗುಮಾಸ್ತೆ ಸಂಬಳದಲ್ಲಿ ವಿಮಾನನಾ? ನಮ್ಮ ಜನ ಜನರಲ್ ಬೋಗಿಯಲ್ಲಿ ನಿಂತ್ಕೊಂಡು ಹೋಗ್ತಾರೆ." ಪ್ರೀತಿಯಿಂದಲೇ ಕೇಳಿದ್ದು. ಆದರೆ ಈ ಪ್ರಶ್ನೆ ಅವರೊಬ್ಬರದ್ದಲ್ಲ, ನಮ್ಮಲ್ಲಿ ಬಹಳ ಜನರ ಮನಸ್ಸಲ್ಲಿದೆ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ದುಡ್ಡಿನ ಲೆಕ್ಕ. ಅದು ಚೀಟಿ ಎತ್ತಿದ ದುಡ್ಡು. ಟಿಕೆಟ್ ಮೂರು ತಿಂಗಳು ಮುಂಚೆಯೇ ತೆಗೆದಿದ್ದೆ. ಬೆಂಗಳೂರಿಂದ ನಾಗಪುರಕ್ಕೆ ರೈಲಲ್ಲಿ ಹತ್ತಿರ ಹತ್ತಿರ ಒಂದು ದಿನ ಹಿಡಿಯುತ್ತೆ, ವಿಮಾನದಲ್ಲಿ ಎರಡು ಗಂಟೆಯೊಳಗೆ. ಮಂಡಿ ನೋವಿನ ಅವ್ವ, ಆರು ವರ್ಷದ ಮಗಳು, ಮೂರು ವರ್ಷದ ಮಗ. ಸಂಗಾತಿಗೆ ರಜೆ ಸಿಗಲಿಲ್ಲ, ಆಫೀಸಲ್ಲಿ ನನಗೆ ಸಿಕ್ಕಿದ್ದೇ ಮೂರು ದಿನ. ಇಷ್ಟು ಸಾಕು ಕಾರಣ.

ಇನ್ನೊಂದು ಕಾರಣವೂ ಇದೆ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಮ್ಮ ಬಾಲ್ಯದ ಒಂದು ಪ್ರಯಾಣವನ್ನ ಬರೆದಿದ್ದಾರೆ. 1901. ತಂದೆ ಕೆಲಸ ಮಾಡ್ತಿದ್ದ ಊರಿಗೆ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಹೊರಟಿದ್ದರು. ದೊಡ್ಡವರು ಯಾರೂ ಜೊತೆಗಿಲ್ಲ. ಹೊಸ ಬಟ್ಟೆ ಹಾಕ್ಕೊಂಡು ಖುಷಿಯಾಗಿ ಮಸೂರು ಸ್ಟೇಷನ್ನಲ್ಲಿ ಇಳಿದ್ರು. ಕರ್ಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರ ಮೊದಲು ಚೆನ್ನಾಗೇ ಮಾತಾಡಿಸಿದ. ಮಹಾರರು ಅಂತ ಗೊತ್ತಾದ ಕೂಡಲೇ ಮುಖ ಬದಲಾಯ್ತು, ಅಲ್ಲಿಂದ ಹೊರಟೇ ಹೋದ. ಗಾಡಿಯವರು ಯಾರೂ ಹತ್ತಿಸಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡಕೊಂಡು ಹೋಗ್ಬೇಕಾಯ್ತು. ಬುತ್ತಿ ಇತ್ತು. ಕುಡಿಯೋಕೆ ನೀರು ಕೊಡೋರು ಇರಲಿಲ್ಲ. ರಾತ್ರಿಯೆಲ್ಲ ಹಸಿದುಕೊಂಡೇ ಕಳೆದರು.

ಅವತ್ತಿನ ಆ ಹುಡುಗನ ಹೆಸರೇ ಇವತ್ತು ನಾಗಪುರದ ವಿಮಾನ ನಿಲ್ದಾಣಕ್ಕೆ ಇದೆ. ನನ್ನ ಮಕ್ಕಳು ಅಲ್ಲಿ ಇಳೀಬೇಕು, ಆ ಬೋರ್ಡ್ ಓದಬೇಕು, ಅಲ್ಲಿಂದ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದ ನೆಲಕ್ಕೆ ಹೋಗಬೇಕು. ಈ ಆಸೆ ದುಂದು ಅನ್ನೋದಾದ್ರೆ ಅನ್ನಲಿ ಬಿಡಿ.

ಈಗ ದಾರಿಯ ಕತೆ. ಮೇಲೆ ಇರೋವಷ್ಟು ಹೊತ್ತು ಮಕ್ಕಳು ಆರಾಮಾಗಿದ್ರು. ಇಳಿಯೋಕೆ ಶುರುವಾದಾಗ ಮಗ ಕಿವಿ ಹಿಡ್ಕೊಂಡು ಕಿರುಚೋಕೆ ಶುರು ಮಾಡಿದ. ಮುಂದಿನ ಸಾಲಿನವರೊಬ್ಬರು ತಿರುಗಿ, "ಮಕ್ಕಳನ್ನ ಸುಮ್ಮನಿರಿಸೋಕೆ ಆಗಲ್ಲ ಅಂದ್ರೆ ಬಸ್ಸಲ್ಲಿ ಬರಬೇಕಪ್ಪ" ಅಂದ್ರು.

ಅವರಿಗೆ ನಮ್ಮ ಜಾತಿ ಗೊತ್ತಿರಲಿಲ್ಲ. ಯಾವ ತಾಯಿಗಾದ್ರೂ ಹಾಗೇ ಅಂತಿದ್ರೇನೋ. ಆದರೆ ಆ ದನಿ ಅವ್ವನಿಗೆ ಗೊತ್ತು. ಅರವತ್ತು ವರ್ಷ ಕೇಳಿದ ದನಿ ಅದು. ಬೆಲ್ಟ್ ಬಿಚ್ಚೋಕೆ ತಡಕಾಡ್ತಾ, "ನಡಿ ಮಗ, ಹಿಂದಕ್ಕೆ ಹೋಗಿ ನಿಂತ್ಕಳವ" ಅಂದ್ಲು. ಯಾರೂ ಏಳು ಅಂದಿರಲಿಲ್ಲ. ದನಿ ಕೇಳಿದ್ದೇ ತಡ, ಮೈ ತಾನೇ ಎದ್ದಿತ್ತು. ನಾನು ಅವಳ ಕೈ ಗಟ್ಟಿಯಾಗಿ ಹಿಡ್ಕೊಂಡೆ. "ಅವ್ವ, ಟಿಕೆಟ್ ನಮ್ದು, ಸೀಟ್ ನಮ್ದು. ಕೂತ್ಕೊ." ಮುಂದಿನವರಿಗೆ, "ಸಾರ್, ಮಗುಗೆ ಕಿವಿ ನೋವು. ಸ್ವಲ್ಪ ಹೊತ್ತು ಅಷ್ಟೇ" ಅಂದೆ. ಜಗಳ ಆಗಲಿಲ್ಲ. ಮಗನಿಗೆ ಬಾಟಲಿಯಿಂದ ಗುಟುಕು ಗುಟುಕಾಗಿ ನೀರು ಕುಡಿಸಿದೆ. ನಾಲ್ಕೈದು ಗುಟುಕಿಗೆ ಅಳು ಕಮ್ಮಿಯಾಯ್ತು. ಮಗಳು ಇದನ್ನೆಲ್ಲ ನೋಡ್ತಾ ಇದ್ಲು. ಅಜ್ಜಿ ಎದ್ದಿದ್ದನ್ನೂ ನೋಡಿದ್ಲು, ಕೂತಿದ್ದನ್ನೂ ನೋಡಿದ್ಲು. ಕೂತಿದ್ದೇ ಅವಳ ನೆನಪಲ್ಲಿ ಉಳೀಲಿ.

ಮೊದಲ ಸಲ ಮಕ್ಕಳ ಜೊತೆ ವಿಮಾನ ಹತ್ತೋರಿಗೆ ನಾಲ್ಕು ಮಾತು. ಇದನ್ನೆಲ್ಲ ನಮಗೆ ಹೇಳಿಕೊಡೋಕೆ ಮನೆಯಲ್ಲಿ ಮೊದಲೇ ಹೋಗಿ ಬಂದ ಮಾವ, ಚಿಕ್ಕಪ್ಪ ಇರಲ್ಲ.

ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಹೆಚ್ಚುತ್ತೆ. ಕಿವಿಗೂ ಗಂಟಲಿಗೂ ನಡುವೆ ಇರೋ ನಾಳ ಮಕ್ಕಳಲ್ಲಿ ಸಣ್ಣದು, ಬೇಗ ತೆರೆಯಲ್ಲ. ಅದಕ್ಕೇ ನೋವು. ನುಂಗಿದಾಗ ಅದು ತೆರೆಯುತ್ತೆ. ಹಸುಗೂಸಿಗೆ ಎದೆಹಾಲು ಕೊಡಿ, ದೊಡ್ಡ ಮಕ್ಕಳಿಗೆ ನೀರು ಕುಡಿಸಿ. ಇಳಿಯುವ ಹೊತ್ತಿಗೆ ನಿದ್ದೆಯಿಂದ ಎಬ್ಬಿಸಿ. ಜೋರು ನೆಗಡಿ ಇದ್ರೆ ಮೊದಲೇ ಡಾಕ್ಟರನ್ನ ಕೇಳಿ.

ಎರಡು ವರ್ಷದೊಳಗಿನ ಮಗು ತೊಡೆ ಮೇಲೆ ಕೂರಬಹುದು, ಎರಡು ತುಂಬಿದ್ರೆ ಬೇರೆ ಸೀಟ್ ಬೇಕು. ಜನನ ಪ್ರಮಾಣಪತ್ರವೋ ಆಧಾರೋ ಕೈಯಲ್ಲಿರಲಿ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನ ಒಂದೇ ಟಿಕೆಟ್ಟಲ್ಲಿರೋ ಅಪ್ಪ ಅಮ್ಮನಲ್ಲಿ ಒಬ್ಬರ ಪಕ್ಕದಲ್ಲಾದ್ರೂ ಕೂರಿಸಬೇಕು ಅಂತ ವಿಮಾನಯಾನ ಇಲಾಖೆ 2024ರಲ್ಲಿ ಸೂಚನೆ ಕೊಟ್ಟಿದೆ. ಬೇರೆ ಬೇರೆ ಕೂರಿಸಿದ್ರೆ ಕೇಳಿ. ಅಂಗಲಾಚಬೇಡಿ, ಕೇಳಿ. ಮಗುವಿನ ಹಾಲು, ಊಟ ತಗೊಂಡು ಹೋಗಬಹುದು. ತಪಾಸಣೆಯಲ್ಲಿ ತೆಗೆದು ತೋರಿಸಿದ್ರಾಯ್ತು.

ನಿಲ್ದಾಣದ ನೆಲ ಕನ್ನಡಿ ಥರ ಹೊಳೀತಿತ್ತು. ಅವ್ವ ಮೊದಲು ನೋಡಿದ್ದು ಒರೆಸ್ತಿದ್ದ ಹೆಂಗಸನ್ನ. "ಯಾವೂರವ್ವ? ಎಷ್ಟು ಕೊಟ್ಟಾರು?" ಅಂತ ವಿಚಾರಿಸಿದ್ಲು. ಗುತ್ತಿಗೆ ಕೆಲಸ, ಖಾಯಂ ಇಲ್ಲ. ಅವರ ಮಕ್ಕಳು ಇನ್ನೂ ವಿಮಾನ ಹತ್ತಿಲ್ಲವಂತೆ. ಆ ಹಿರಿಯರ ಮಾತಲ್ಲಿ ಇರೋ ಸತ್ಯ ಇದು, ಅದನ್ನ ನಾನು ತಳ್ಳಿ ಹಾಕಲ್ಲ. ನಮ್ಮಲ್ಲಿ ಒಬ್ಬರು ಒಳಗೆ ಕೂತ ಮಾತ್ರಕ್ಕೆ ಕೆಲಸ ಮುಗೀಲಿಲ್ಲ. ಆದರೆ ಅದಕ್ಕೆ ಉತ್ತರ ನಾವೂ ಕೆಳಗಿಳಿಯೋದಲ್ಲ, ಆ ಹೆಂಗಸಿನ ಕೆಲಸ ಖಾಯಂ ಆಗೋದು.

ರೈಲೋ, ಬಸ್ಸೋ, ವಿಮಾನವೋ, ಮಕ್ಕಳು ಚಿಕ್ಕವರಿರುವಾಗಲೇ ಒಮ್ಮೆ ದೀಕ್ಷಾಭೂಮಿಗೆ ಕರ್ಕೊಂಡು ಹೋಗಿ. ನೀರಿನ ಬಾಟಲಿ ಮರೀಬೇಡಿ.

ಜೈಭೀಮ್.