ಮೆಣಸಿನ ಮಠ

ಲಿಸ್ಬನ್ನಿಗೆ ಹೋಗುವವರು ಒಳ್ಳೆಯ ಮೆಟ್ಟು ಹಾಕಿಕೊಂಡು ಹೋಗಬೇಕು. ಏಳು ಗುಡ್ಡಗಳ ಊರು. ಕಾಲುದಾರಿಗೆಲ್ಲ ಬಿಳಿ ಸುಣ್ಣಕಲ್ಲಿನ ಚೂರು ಹಾಸಿದ್ದಾರೆ. ಜನ ನಡೆದೂ ನಡೆದೂ ಅವು ಮಳೆಗಾಲದ ನಮ್ಮ ಅಂಗಳದಂತೆ ಜಾರುತ್ತವೆ. ಜೂನ್ ತಿಂಗಳ ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಕುಮಟೆ, ಅಂಕೋಲೆಯ ಸೆಕೆ ಕಂಡವರಿಗೆ ಅದೊಂದು ಸೆಕೆಯೇ ಅಲ್ಲ ಬಿಡಿ.

ಒಬ್ಬಳೇ ಹೋಗಿದ್ದೆ. ಬೆಳಿಗ್ಗೆ ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿ ಅಲೆದೆ. ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆ, ಓಣಿ ತುಂಬ ಮೀನು ಸುಡುವ ವಾಸನೆ. ಸಸ್ಯಾಹಾರಿಯಾದ ನನಗೆ ಬ್ರೆಡ್ಡೂ ಕಿತ್ತಳೆಯೂ ಗತಿ. ಹೋಟೆಲಿನವಳು ಕೈಗೆ ಕೊಟ್ಟ ಬೀಗದ ಕೈಯನ್ನು ‘ಶಾವೆ’ ಎಂದಳು. ನಮ್ಮ ಚಾವಿ! ಬಾಲ್ದಿ, ಪಗಾರ, ಅನಾನಸು ಎಲ್ಲ ಇವರಿಂದಲೇ ನಮ್ಮ ಕರಾವಳಿಗೆ ಇಳಿದ ಮಾತುಗಳು.

ಮಧ್ಯಾಹ್ನ 15ನೇ ನಂಬರಿನ ಟ್ರಾಮ್ ಹಿಡಿದು ನದಿಯಂಚಿನ ಬೆಲೆಂಗೆ ಹೋದೆ. ಊರಿಗೆ ಬಂದದ್ದೇ ಅದಕ್ಕಾಗಿ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟ, ಮರಮರಕ್ಕೂ ಮೆಣಸಿನ ಬಳ್ಳಿ. ಆ ಮೆಣಸಿನ ಆಸೆಗೆ 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮ, ಮರಳುವಾಗ ಕಾರವಾರದ ಹತ್ತಿರದ ಅಂಜುದೀವದಲ್ಲಿ ತಂಗಿದ್ದ. 1502ರಲ್ಲಿ ಮತ್ತೆ ಬಂದವನು, ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದವರ ಹಡಗನ್ನು ಹೆಂಗಸರ ಸಮೇತ ಸುಟ್ಟ. ಅವನ ಗೋರಿಯ ಮುಂದೆ ನಿಂತು ಒಂದಿಷ್ಟು ಸಿಟ್ಟು ಮಾಡಿಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ.

ಜೆರೋನಿಮೋಸ್ ಮಠದ ಚರ್ಚು ಹೊಕ್ಕರೆ ಬಾಗಿಲ ಬಳಿಯೇ ಗೋರಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನ ಅವಶೇಷ ಈ ಜಾಗಕ್ಕೆ ಬಂದದ್ದು 1880ರಲ್ಲಂತೆ. ಕಲ್ಲಿನ ಗಾಮ ಕೈಮುಗಿದು ಅಂಗಾತ ಮಲಗಿದ್ದಾನೆ. ಸಿಟ್ಟಿಗೆ ಸಿದ್ಧಳಾಗಿ ನಿಂತವಳು ಹಾಗೇ ತಲೆಯೆತ್ತಿದೆ. ಕಂಬಗಳು ನಮ್ಮ ತೋಟದ ಮರಗಳಂತೆ ಸಪೂರಾಗಿ ಮೇಲೇರಿ, ತುದಿಯಲ್ಲಿ ಸೋಗೆ ಬಿಚ್ಚಿದಂತೆ ಹರಡಿ ಚಾವಣಿ ಹೊತ್ತಿದ್ದವು. ಮೈತುಂಬ ಕೆತ್ತನೆ. ಬೇಲೂರು ನೋಡಿದ ಕಣ್ಣಿಗೂ ಅದು ಸಣ್ಣ ಕೆಲಸವಾಗಿ ಕಾಣಲಿಲ್ಲ. ಪೂರ್ವದಿಂದ ಬರುವ ಮೆಣಸು ಮಸಾಲೆಗಳ ಮೇಲೆ ನೂರಕ್ಕೆ ಐದರಂತೆ ತೆರಿಗೆ ಎತ್ತಿ ಕಟ್ಟಿಸಿದ ಮಠ ಅದು.

ಸಿಟ್ಟು ಬರಲೇ ಇಲ್ಲ. ಬಂದದ್ದು ಹೆಮ್ಮೆಯಂಥದ್ದೇನೋ, ಅದೇ ನನಗೆ ಇರುಸುಮುರುಸು. ಸುಟ್ಟವನ ಗೋರಿಯೆದುರು ಹೆಮ್ಮೆ ಪಡುವುದೆಂದರೇನು? ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಗುದ್ದಾಡಿದೆ. ಏಣಿ ಹತ್ತಿ ಕೊಯ್ದವರು, ಅಂಗಳದಲ್ಲಿ ಒಣಗಿಸಿ ಕೇರಿದ ಹೆಂಗಸರು ಕಣ್ಣಮುಂದೆ ಬಂದರು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ‘ಮೆಣಸಿನ ರಾಣಿ’ ಎಂದು ಹೆಸರಿಟ್ಟವರೇ ಇವರು. ಅವಳ ಸುದ್ದಿಯೂ ಅಲ್ಲಿ ನನಗೆ ಕಾಣಲಿಲ್ಲ.

ಇನ್ನೊಂದು ಮಾತು. ಮೆಣಸು ಒಯ್ದವರು ಅಮೆರಿಕದ ಮೆಣಸಿನಕಾಯಿಯನ್ನು ನಮಗೆ ತಂದುಕೊಟ್ಟರು. ಹೊಸದಾಗಿ ಬಂದ ಕಾಯಿ ಹೆಸರನ್ನೇ ಕಬಳಿಸಿತು. ಹಳೆಯದು ‘ಕಾಳುಮೆಣಸು’ ಎಂದೋ ‘ಒಳ್ಳೆಮೆಣಸು’ ಎಂದೋ ಹೇಳಿಸಿಕೊಂಡು ಡಬ್ಬದ ಮೂಲೆ ಸೇರಿತು.

ಸಂಜೆ ಟ್ರಾಮಿನಲ್ಲಿ ಮರಳಿ, ನದಿಗೆ ಮುಖಮಾಡಿದ ದೊಡ್ಡ ಚೌಕದಲ್ಲಿ ಇಳಿದೆ. ಅಲ್ಲಿ ರಾಜರ ಅರಮನೆಯಿತ್ತು. ಪೂರ್ವದ ವ್ಯಾಪಾರದ ಲೆಕ್ಕವಿಡುತ್ತಿದ್ದ ‘ಕಾಸಾ ದ ಇಂಡಿಯಾ’ ಕಚೇರಿಯೂ ಇತ್ತು. 1755ರ ನವೆಂಬರ್ 1ರಂದು ಭೂಕಂಪ, ಹಿಂದೆಯೇ ಕಡಲು, ಬೆಂಕಿ. ಅರಮನೆಯ ಜೊತೆಗೆ ಕಚೇರಿಯ ಕಡತಗಳೂ ಹೋದವು. ನಮ್ಮ ಕಡೆಯ ಮೆಣಸು ಎಷ್ಟು ಹೇರು ಬಂತು, ಏನು ಬೆಲೆ ಕೊಟ್ಟರು ಎಂದು ಕೇಳೋಣವೆಂದರೆ ಅಲ್ಲಿ ಬರೀ ಗಾಳಿ, ಪ್ರವಾಸಿಗರು.

ಹತ್ತಿರದ ಅಂಗಡಿಗೆ ನುಗ್ಗಿ ಕಾಳುಮೆಣಸಿನ ಶೀಶೆಯೊಂದನ್ನು ತೆಗೆದು ಚೀಟಿ ಓದಿದೆ. ವಿಯೆಟ್ನಾಂ! ತಡೆಯಲಾರದೆ ಅಲ್ಲಿಂದಲೇ ಊರಿಗೆ ಫೋನು ಹಚ್ಚಿದೆ. ಅಲ್ಲಿ ಸರಿರಾತ್ರಿ. ನಿದ್ದೆಗಣ್ಣಲ್ಲೇ ತಮ್ಮ ಗೋರಿ, ಮಠ, ತೆರಿಗೆ, ಭೂಕಂಪ ಎಲ್ಲ ಕೇಳಿಸಿಕೊಂಡ.

“ಅದೆಲ್ಲ ಇರಲಿ ಅಕ್ಕ,” ಎಂದ, “ಆ ಶೀಶೆಯಲ್ಲಿ ಎಷ್ಟು ಗ್ರಾಂ ಉಂಟು, ರೇಟೆಷ್ಟು, ಸರಿಯಾಗಿ ನೋಡಿ ಹೇಳು.”

ನಾನು ಚೀಲದಲ್ಲಿ ಕನ್ನಡಕ ಹುಡುಕಿದೆ.