ಅಡ್ಡಾಟದ ಸುಖ

ಧಾರವಾಡದ ಕಡೆ ಸಂಜೆ ಚಪ್ಪಲಿ ಮೆಟ್ಟಿ ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳಿ ನೋಡಿ. ‘ಹಿಂಗ ಅಡ್ಡಾಡಿ ಬರ್ತೀನಿ’ ಅನ್ನುತ್ತಾರೆ. ಕೇಳಿದವರಿಗೂ ಅಷ್ಟು ಸಾಕು. ಊರು, ಕೆಲಸ, ಹೊತ್ತು ಯಾವುದನ್ನೂ ಕಟ್ಟಿಕೊಳ್ಳದ ಈ ಕ್ರಿಯಾಪದ ನನಗೆ ಬಲು ಇಷ್ಟ.

‘ಅಡ್ಡ’ ಮತ್ತು ‘ಆಡು’ ಕೂಡಿ ಅಡ್ಡಾಡು. ಆಡು ಅಂದರೆ ಇಲ್ಲಿ ಅಲುಗು, ಸುಳಿ, ಚಲಿಸು. ಗಾಳಿಯಾಡುವುದು, ಉಸಿರಾಡುವುದು, ತೊಟ್ಟಿಲು ತೂಗಾಡುವುದು ಇದೇ ಆಡು. ಮಕ್ಕಳ ಆಟವೂ ಇದರದೇ ಕುಡಿ. ಓಡಾಟ, ಸುತ್ತಾಟ, ಅಲೆದಾಟ ಎಲ್ಲ ಒಂದೇ ಬಳಗ. ಪರದಾಟವೂ ಅದರೊಳಗೇ ಬರುತ್ತದೆ, ಇರಲಿ. ಕರಾವಳಿಯ ಯಕ್ಷಗಾನ ಮೇಳಗಳು ಊರೂರು ಸುತ್ತಿ ಆಟ ಆಡುವುದನ್ನೇ ‘ತಿರುಗಾಟ’ ಎನ್ನುತ್ತವೆ. ಅಲ್ಲಿ ಮಾತ್ರ ಇವತ್ತಿನ ಆಟ ಯಾವ ಊರಲ್ಲಿ ಅನ್ನುವುದು ಮೊದಲೇ ಗೊತ್ತಾಗಿರುತ್ತದೆ. ಅಡ್ಡಾಟಕ್ಕೆ ಆ ಕಟ್ಟಿಲ್ಲ, ದಾರಿ ಬಿಟ್ಟು ಅಡ್ಡಕ್ಕೆ ಹೊರಳುವುದೇ ಅದರ ಹುಟ್ಟುಗುಣ.

ಅಮೆರಿಕದ ಲೇಖಕ ಥೋರೋ, ತಾನು ತೀರಿಕೊಂಡ 1862ರಲ್ಲೇ ಅಚ್ಚಾದ ‘ವಾಕಿಂಗ್’ ಎಂಬ ಪ್ರಬಂಧದಲ್ಲಿ ಅಡ್ಡಾಡು ಅನ್ನುವುದಕ್ಕೆ ಹತ್ತಿರದ ಇಂಗ್ಲಿಷಿನ ‘ಸಾಂಟರ್’ ಪದಕ್ಕೊಂದು ಮೂಲ ಹೇಳಿದ್ದಾನೆ: ಪುಣ್ಯಭೂಮಿಗೆ ಹೊರಟೆವೆಂದು ಹೇಳಿಕೊಂಡು ಊರೂರು ತಿರುಗುತ್ತಿದ್ದವರಿಂದ ಅದು ಬಂತಂತೆ. ಇಂದಿನ ನಿಘಂಟುಕಾರರು ಒಪ್ಪುವುದಿಲ್ಲ. ದಿನಕ್ಕೆ ನಾಲ್ಕು ತಾಸಾದರೂ ಕಾಡುಮೇಡು ಸುತ್ತದಿದ್ದರೆ ತಡೆಯದ ಅವನಿಗೆ ಆ ಕತೆ ಹಿಡಿಸಿದ್ದು ಸಹಜ. ನಮ್ಮ ಅಡ್ಡಾಟಕ್ಕೆ ಪುಣ್ಯದ ನೆವವೂ ಬೇಕಿಲ್ಲ ಅನ್ನುವುದು ನನಗೆ ಇನ್ನಷ್ಟು ಹಿತ.

ಧಾರವಾಡ ಮಲೆನಾಡು, ಬಯಲುಸೀಮೆ ಎರಡರ ಸೆರಗಿನಲ್ಲಿರುವ ಊರು. ಪಡುವಣಕ್ಕೆ ಹೋದರೆ ಕೆಂಪು ಮಣ್ಣು, ಮೂಡಣಕ್ಕೆ ಎರೆ. ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಹತ್ತು ಹೆಜ್ಜೆಗೆ ಕಾಲು ಎತ್ತಲಾಗದಷ್ಟು ಭಾರ. ಹಾಗಾಗಿ ಆಗೆಲ್ಲ ಪಡುವಣಕ್ಕೆ, ಬೇಂದ್ರೆಯವರ ಸಾಧನಕೇರಿಯ ಕಡೆಗೇ ನನ್ನ ಸವಾರಿ. ಹಿಂಗಾರಿನಲ್ಲಿ ಮಾತ್ರ ಮೂಡಣವನ್ನು ಬಿಡಲಾರೆ. ಎರೆಹೊಲದಲ್ಲಿ ಕಡಲೆ ನಿಂತಿರುತ್ತದೆ. ರಸ್ತೆ ಬಿಟ್ಟು ಬದುವಿಗೆ ಇಳಿದರೆ ಮೊಣಕಾಲಿಗೂ ಬಾರದ ಆ ಗಿಡದ ಎಲೆಗಳಿಗೆ ಸಣ್ಣ ಸಣ್ಣ ರೋಮ, ರೋಮದ ತುದಿಯಲ್ಲಿ ಅಂಟಂಟು ಹನಿ. ಬೆರಳು ಆಡಿಸಿ ನೆಕ್ಕಿದರೆ ಚುರುಕ್ಕೆನ್ನುವ ಹುಳಿ! ಹೊಲದವರು ಕಂಡರೆ ಒಂದು ಹಿಡಿ ಸುಲಗಾಯಿ ಕಿತ್ತು ಕೈಗಿಡುತ್ತಾರೆ. ಸುಲಿದು ತಿನ್ನುತ್ತ ಬದುವಿನ ಮೇಲೆ ಕೂತರೆ ಮಾತು ಬೆಳೆಯಿಂದ ಬೆಲೆಗೆ, ಬೆಲೆಯಿಂದ ಬೀಗರಿಗೆ ಹೋಗುತ್ತದೆ.